ಪೇಟೆಯ ಸಂಘ, ನಗರಸಭೆಯ ನೆರವು: ತಪ್ಪು ಕಲ್ಪನೆ ಮತ್ತು ವಾಸ್ತವ

ವಾಣಿಜ್ಯೋದ್ಯಮ ಸಂಸ್ಥೆಯ, ಅಂದರೆ ಚೇಂಬರ್ ಆಫ್ ಕಾಮರ್ಸ್‌ನ ಯಾವುದಾದರೂ ಸಮಾರಂಭದ ಫೋಟೊ ನೋಡಿ. ವೇದಿಕೆಯ ನಡುವೆ ಜಿಲ್ಲಾಧಿಕಾರಿ, ಪಕ್ಕದಲ್ಲಿ ಮೇಯರ್ ಅಥವಾ ನಗರಸಭೆ ಅಧ್ಯಕ್ಷರು, ಅವರಾಚೆ ಶಾಸಕರು. ಸಂಸ್ಥೆಯ ಪದಾಧಿಕಾರಿಗಳು ಹಾರ ಹಿಡಿದುಕೊಂಡು ಅಂಚಿಗೆ ಸರಿದಿರುತ್ತಾರೆ. ಈ ಫೋಟೊ ನೋಡಿಯೇ ನಮ್ಮಲ್ಲಿ ಕೆಲವರು ಚೇಂಬರ್ ಎಂದರೆ ಸರ್ಕಾರಿ ಕಚೇರಿ ಎಂದುಕೊಂಡೆವು, ಇನ್ನು ಕೆಲವರು ನಗರಸಭೆಯೇ ಸಾಹುಕಾರರ ಜೇಬಿನಲ್ಲಿದೆ ಎಂದುಕೊಂಡೆವು. ಎರಡೂ ಸರಿಯಲ್ಲ. ಆದರೂ ಎರಡು ಮಾತೂ ಚಹಾ ಅಂಗಡಿಯಿಂದ ವಾರ್ಡ್ ಸಭೆಯವರೆಗೆ ಓಡಾಡುತ್ತಲೇ ಇವೆ. ಸ್ಥಳೀಯ ಆಡಳಿತ ಪೇಟೆಯ ಸಂಘಕ್ಕೆ ಯಾಕೆ ನೆರವಾಗಬೇಕು, ಎಷ್ಟು ನೆರವಾಗಬಹುದು, ಎಲ್ಲಿ ನಿಲ್ಲಬೇಕು ಎಂಬ ನಿಜವಾದ ಪ್ರಶ್ನೆ ಈ ಗದ್ದಲದಲ್ಲಿ ಕೇಳಿಸುವುದೇ ಇಲ್ಲ.

ತಪ್ಪು ಕಲ್ಪನೆ: ಚೇಂಬರ್ ಸರ್ಕಾರದ್ದೇ ಒಂದು ಅಂಗ, ಅದಕ್ಕೆ ಅಧಿಕಾರವಿದೆ, ಅಲ್ಲಿ ಕುಳಿತವರು ಒಂದು ಬಗೆಯ ಅಧಿಕಾರಿಗಳು.

ವಾಸ್ತವ: ಅಲ್ಲ. ನಮ್ಮ ದೇಶದ ವಾಣಿಜ್ಯೋದ್ಯಮ ಸಂಸ್ಥೆಗಳು ವ್ಯಾಪಾರಿಗಳೂ ಉದ್ಯಮಿಗಳೂ ಸೇರಿ ಕಟ್ಟಿಕೊಂಡ ಖಾಸಗಿ ಸಂಘಗಳು. ಕೆಲವು ಸಂಘಗಳ ನೋಂದಣಿ ಕಾಯ್ದೆಯಡಿ ಇವೆ, ಕೆಲವು ಲಾಭ ಹಂಚಿಕೊಳ್ಳದ ಕಂಪನಿಗಳಾಗಿ ನೋಂದಣಿಯಾಗಿವೆ. ಸದಸ್ಯರೇ ಶುಲ್ಕ ಕಟ್ಟುತ್ತಾರೆ, ಸದಸ್ಯರೇ ಮತ ಹಾಕಿ ಅಧ್ಯಕ್ಷರನ್ನು ಆರಿಸುತ್ತಾರೆ.

ಗೊಂದಲಕ್ಕೆ ಚರಿತ್ರೆಯೂ ಒಂದು ಕಾರಣ. ಬೆಂಗಳೂರಿನಲ್ಲಿ 1916ರಲ್ಲಿ ಮೈಸೂರು ಚೇಂಬರ್ ಆಫ್ ಕಾಮರ್ಸ್ ಹುಟ್ಟಿದಾಗ ಅದರ ಹಿಂದೆ ನಿಂತವರು ದಿವಾನರಾಗಿದ್ದ ವಿಶ್ವೇಶ್ವರಯ್ಯನವರು. ಇಂದಿನ ಕರ್ನಾಟಕ ವಾಣಿಜ್ಯ ಮತ್ತು ಕೈಗಾರಿಕಾ ಮಹಾಸಂಸ್ಥೆ (ಎಫ್‌ಕೆಸಿಸಿಐ) ಅದೇ ಸಂಸ್ಥೆ. ದಿವಾನರೇ ಮುಂದೆ ನಿಂತು ಮಾಡಿದ ಮೇಲೆ ಅದು ಸರ್ಕಾರದ್ದಲ್ಲವೇ ಎಂದು ಕೇಳಿದರೆ, ಅದಕ್ಕೆ ಒಂದು ವರ್ಷ ಮೊದಲು ಅವರದೇ ಕಾಲದಲ್ಲಿ ಹುಟ್ಟಿದ ಕನ್ನಡ ಸಾಹಿತ್ಯ ಪರಿಷತ್ತನ್ನು ನೆನೆಯಬೇಕು. ಪ್ರಭುತ್ವ ಕೈಹಿಡಿದು ನಿಲ್ಲಿಸಿತು, ನಡೆಸುವವರು ಸದಸ್ಯರು. ಇನ್ನು ಹುಬ್ಬಳ್ಳಿಯ ಕರ್ನಾಟಕ ವಾಣಿಜ್ಯೋದ್ಯಮ ಸಂಸ್ಥೆ 1928ರದು, ಊರು ಆಗ ಮುಂಬೈ ಪ್ರಾಂತ್ಯದಲ್ಲಿತ್ತು. ಮಂಗಳೂರಿನ ಕೆನರಾ ಚೇಂಬರ್ 1940ರದು, ಊರು ಆಗ ಮದ್ರಾಸ್ ಪ್ರಾಂತ್ಯದಲ್ಲಿತ್ತು. ಆ ಎರಡು ಕಡೆ ದಿವಾನರ ಮಾತೇ ಇಲ್ಲ. ಮೂರು ಬೇರೆ ಆಡಳಿತಗಳ ಕೆಳಗೆ ಒಂದೇ ಬಗೆಯ ಸಂಘ ಹುಟ್ಟಿತು ಎಂದರೆ ಅದರ ಬೇರು ಇದ್ದದ್ದು ಪೇಟೆಯಲ್ಲಿ.

ಇನ್ನೊಂದು ಕಾರಣ, ಮೂಲ ದೇಶದ ಪ್ರಮಾಣಪತ್ರ. ಸರಕು ರಫ್ತು ಮಾಡುವವರಿಗೆ ಇದು ಭಾರತದಲ್ಲೇ ತಯಾರಾದದ್ದು ಎಂದು ಬರೆದುಕೊಡುವ ಕಾಗದ ಬೇಕಾಗುತ್ತದೆ. ಸುಂಕ ರಿಯಾಯಿತಿಗೆ ಸಂಬಂಧಪಡದ ಮಾಮೂಲಿ ಪ್ರಮಾಣಪತ್ರ ಕೊಡಲು ಕೇಂದ್ರದ ವಿದೇಶಿ ವ್ಯಾಪಾರ ಮಹಾನಿರ್ದೇಶನಾಲಯ ಅನೇಕ ಚೇಂಬರ್‌ಗಳಿಗೆ ಒಪ್ಪಿಗೆ ಕೊಟ್ಟಿದೆ. ಮೊಹರು ಕಂಡ ಕೂಡಲೇ ನಮಗೆ ಸರ್ಕಾರ ಕಾಣುತ್ತದೆ. ಆದರೆ ಅದು ಒಂದು ಕೆಲಸಕ್ಕೆ ಕೊಟ್ಟ ಒಪ್ಪಿಗೆ, ಅಧಿಕಾರವಲ್ಲ.

ಹೊರದೇಶಗಳಲ್ಲಿ ಲೆಕ್ಕ ಬೇರೆ ಇರುವುದೂ ನಿಜ. ಫ್ರಾನ್ಸಿನ ಮಾರ್ಸೇಯಲ್ಲಿ 1599ರಲ್ಲೇ ಚೇಂಬರ್ ಇತ್ತು. ಇಂದಿಗೂ ಆ ದೇಶದ ಚೇಂಬರ್‌ಗಳು ಸಾರ್ವಜನಿಕ ಸಂಸ್ಥೆಗಳು, ಉದ್ಯಮಗಳ ಮೇಲಿನ ತೆರಿಗೆಯ ಒಂದು ಪಾಲು ಅವಕ್ಕೆ ಹೋಗುತ್ತದೆ. ಜರ್ಮನಿಯಲ್ಲಿ 1956ರ ಕಾನೂನಿನ ಪ್ರಕಾರ ಸದಸ್ಯತ್ವವೇ ಕಡ್ಡಾಯ. ನಮ್ಮದು ಅವೆರಡೂ ಅಲ್ಲದ, ಬ್ರಿಟಿಷರ ಸ್ವಯಂಪ್ರೇರಿತ ಸಂಘದ ಮಾದರಿ. ಮದ್ರಾಸ್, ಮುಂಬೈಗಳಲ್ಲಿ 1836ರಲ್ಲಿ ಕಾಲಿಟ್ಟ ಈ ಮಾದರಿಯೇ ಇಂದಿಗೂ ನಡೆದಿದೆ.

ತಪ್ಪು ಕಲ್ಪನೆ: ಸದಸ್ಯರಾಗದಿದ್ದರೆ ಅಂಗಡಿಗೆ ಲೈಸೆನ್ಸ್ ಸಿಗುವುದಿಲ್ಲ, ಸದಸ್ಯರಾದರೆ ಬೇಗ ಸಿಗುತ್ತದೆ.

ವಾಸ್ತವ: ಉದ್ದಿಮೆ ಪರವಾನಗಿ ಕೊಡುವುದು ಪಾಲಿಕೆ, ನಗರಸಭೆ, ಪುರಸಭೆ ಅಥವಾ ಗ್ರಾಮ ಪಂಚಾಯಿತಿ. ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯ ನೋಂದಣಿ ಕಾರ್ಮಿಕ ಇಲಾಖೆಯದು. ಹೊಸ ಉದ್ಯಮಕ್ಕೆ ಮಾರ್ಗದರ್ಶನ ಬೇಕಿದ್ದರೆ ಸರ್ಕಾರದ್ದೇ ಆದ ಜಿಲ್ಲಾ ಕೈಗಾರಿಕಾ ಕೇಂದ್ರವಿದೆ. 15 ಕೋಟಿ ರೂಪಾಯಿವರೆಗಿನ ಯೋಜನೆಗಳಿಗೆ ಜಿಲ್ಲಾಧಿಕಾರಿ ಅಧ್ಯಕ್ಷತೆಯ ಏಕಗವಾಕ್ಷಿ ಸಮಿತಿ ಇದೆ. ಈ ಯಾವ ಅರ್ಜಿಯಲ್ಲೂ ಚೇಂಬರ್ ಸದಸ್ಯತ್ವದ ಕಲಂ ಇಲ್ಲ. ಚೇಂಬರ್ ಹೆಸರು ಹೇಳಿ ಲೈಸೆನ್ಸ್ ಮಾಡಿಸಿಕೊಡುತ್ತೇನೆ ಎನ್ನುವವನು ದಲ್ಲಾಳಿ.

ತಪ್ಪು ಕಲ್ಪನೆ: ಸಂಘಕ್ಕೆ ಸೇರಿದರೆ ಹೆಸರು ಪಟ್ಟಿಗೆ ಹೋಗುತ್ತದೆ, ತೆರಿಗೆಯವರ ಕಣ್ಣು ಬೀಳುತ್ತದೆ, ಆದ್ದರಿಂದ ದೂರ ಇರುವುದೇ ಕ್ಷೇಮ.

ವಾಸ್ತವ: ಇದನ್ನು ನಂಬಿ ದೂರ ಉಳಿದ ಸಣ್ಣ ವ್ಯಾಪಾರಿಗಳು ಎಲ್ಲ ಊರಿನಲ್ಲೂ ಇದ್ದಾರೆ. ಅವರನ್ನು ನೋಡಿ ನಗುವಂತಿಲ್ಲ. ನೋಟಿಸ್ ಬಂದಾಗ ಒಬ್ಬಂಟಿಯಾಗಿ ನಿಲ್ಲಬೇಕಾದವನ ಅಂಜಿಕೆ ಅದು. ಆದರೆ ತೆರಿಗೆ ಇಲಾಖೆಗೆ ಸದಸ್ಯರ ಪಟ್ಟಿ ಬೇಕಾಗಿಲ್ಲ. ಪ್ಯಾನ್, ಬ್ಯಾಂಕ್ ಖಾತೆ, ಇ-ವೇ ಬಿಲ್, ಯುಪಿಐ ಸಾಕು. 2025ರ ಜುಲೈನಲ್ಲಿ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಸಾವಿರಾರು ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳಿಸಿದ್ದು ಯುಪಿಐ ಜಮಾ ಲೆಕ್ಕ ನೋಡಿ. ಬೇಕರಿ, ಕಾಂಡಿಮೆಂಟ್ಸ್, ತರಕಾರಿ ಅಂಗಡಿಯವರಿಗೆ ಅದು ಹೋಯಿತು. ಕ್ಯೂಆರ್ ಕೋಡ್ ಕಿತ್ತುಹಾಕಿ ನಗದು ಮಾತ್ರ ಎಂದು ಬೋರ್ಡ್ ಬರೆದವರನ್ನು ನಾವೆಲ್ಲ ಕಂಡೆವು. ಸರಕು ಮಾರುವವರ ವಾರ್ಷಿಕ ವಹಿವಾಟು 40 ಲಕ್ಷ ದಾಟಿದರೆ ಮಾತ್ರ ಜಿಎಸ್‌ಟಿ ನೋಂದಣಿ, ಸೇವೆಗಾದರೆ 20 ಲಕ್ಷ, ತೆರಿಗೆ ಇಲ್ಲದ ಹಾಲು ತರಕಾರಿಯ ಲೆಕ್ಕ ಬೇರೆ ಎಂಬ ಸರಳ ವಿವರವನ್ನು ಯಾರಾದರೂ ಮೊದಲೇ ಕೂರಿಸಿ ಹೇಳಿದ್ದರೆ ಆ ದಿಗಿಲು ಅಷ್ಟಾಗುತ್ತಿರಲಿಲ್ಲ. ಸಂಘ ಇರುವುದೇ ಈ ಕೆಲಸಕ್ಕೆ.

ತಪ್ಪು ಕಲ್ಪನೆ: 10 ರೂಪಾಯಿ ನಾಣ್ಯ ನಿಂತುಹೋಗಿದೆ, ಗೆರೆ ಕಡಿಮೆ ಇರುವುದು ನಿಜದ್ದು, ಹೆಚ್ಚಿರುವುದು ಖೋಟಾ.

ವಾಸ್ತವ: ಇದಕ್ಕೂ ಚೇಂಬರ್‌ಗೂ ಏನು ಸಂಬಂಧ ಎಂದು ಕೇಳಬಹುದು. ಸಂಬಂಧವಿದೆ. ರಿಸರ್ವ್ ಬ್ಯಾಂಕ್ 2018ರ ಜನವರಿಯಲ್ಲೇ ಸ್ಪಷ್ಟವಾಗಿ ಹೇಳಿತು: ಅಲ್ಲಿಯವರೆಗೆ ಬಂದ 14 ವಿನ್ಯಾಸಗಳ 10 ರೂಪಾಯಿ ನಾಣ್ಯಗಳೂ ಚಲಾವಣೆಯಲ್ಲಿವೆ, ರೂಪಾಯಿ ಚಿಹ್ನೆ ಇದ್ದರೂ ಸರಿ, ಇಲ್ಲದಿದ್ದರೂ ಸರಿ. ಅಷ್ಟಾದರೂ ನಮ್ಮ ಅನೇಕ ಊರುಗಳಲ್ಲಿ ಕಿರಾಣಿ ಅಂಗಡಿಯವರು ನಾಣ್ಯ ಮುಟ್ಟಲಿಲ್ಲ. ಅವರು ಮೂರ್ಖರಾಗಿದ್ದರಿಂದಲ್ಲ. ಗಿರಾಕಿ ತೆಗೆದುಕೊಳ್ಳುವುದಿಲ್ಲ ಎಂದು ಅಂಗಡಿಯವರು, ಅಂಗಡಿಯವರು ತೆಗೆದುಕೊಳ್ಳುವುದಿಲ್ಲ ಎಂದು ಗಿರಾಕಿ. ಇಬ್ಬರ ಲೆಕ್ಕವೂ ತಮ್ಮ ಮಟ್ಟಿಗೆ ಸರಿಯೇ. ಇಂಥ ವದಂತಿಯನ್ನು ಒಬ್ಬೊಬ್ಬರಾಗಿ ಮುರಿಯಲು ಆಗುವುದಿಲ್ಲ, ಎಲ್ಲರೂ ಒಂದೇ ದಿನ ತೆಗೆದುಕೊಳ್ಳಬೇಕು. ಜಿಲ್ಲಾಡಳಿತದ ಪ್ರಕಟಣೆ ಪತ್ರಿಕೆಯ ಮೂಲೆಯಲ್ಲಿ ಬಂದು ಹೋಗುತ್ತದೆ. ಸಗಟು ವ್ಯಾಪಾರಿಯೇ ನಾಣ್ಯ ಎಣಿಸಿ ತೆಗೆದುಕೊಂಡರೆ ಚಿಲ್ಲರೆ ಅಂಗಡಿಯವರು ತಾವಾಗಿ ತೆಗೆದುಕೊಳ್ಳುತ್ತಾರೆ. ಸಗಟು ವ್ಯಾಪಾರಿಗಳನ್ನು ಒಟ್ಟಿಗೆ ಕೂರಿಸಲು ಸಾಧ್ಯವಿರುವುದು ಅವರ ಸಂಘಕ್ಕೆ. ಪ್ಲಾಸ್ಟಿಕ್ ಕೈಚೀಲದ ನಿಷೇಧ, ಹಸಿ ಕಸ ಒಣ ಕಸ ಬೇರ್ಪಡಿಸುವುದು, ನಾಮಫಲಕದಲ್ಲಿ ಶೇ 60ರಷ್ಟು ಕನ್ನಡ ಎಂಬ 2024ರ ನಿಯಮ, ಇವೆಲ್ಲದರ ಕಥೆಯೂ ಇದೇ. ನಗರಸಭೆಗೆ ದಂಡ ಹಾಕುವ ಅಧಿಕಾರವಿದೆ, ಆದರೆ ಒಂದು ಪೇಟೆಯನ್ನು ಒಪ್ಪಿಸುವ ದಾರಿ ಗೊತ್ತಿಲ್ಲ.

ತಪ್ಪು ಕಲ್ಪನೆ: ವ್ಯಾಪಾರಿಗಳು ಕಟ್ಟುವ ಜಿಎಸ್‌ಟಿ, ವೃತ್ತಿ ತೆರಿಗೆಯಿಂದಲೇ ನಗರಸಭೆ ನಡೆಯುವುದು, ಆದ್ದರಿಂದ ಅದು ಚೇಂಬರ್‌ಗೆ ನೆರವಾಗಲೇಬೇಕು.

ವಾಸ್ತವ: ಈ ಮಾತು ವ್ಯಾಪಾರಿಗಳ ಕಡೆಯಿಂದ ಬರುತ್ತದೆ, ಇದೂ ತಪ್ಪು. ವೃತ್ತಿ ತೆರಿಗೆಗೆ ಸಂವಿಧಾನ ವರ್ಷಕ್ಕೆ 2,500 ರೂಪಾಯಿಯ ಮಿತಿ ಇಟ್ಟಿದೆ. ತಮಿಳುನಾಡು, ಕೇರಳಗಳಲ್ಲಿ ಅದನ್ನು ಸ್ಥಳೀಯ ಸಂಸ್ಥೆಗಳು ವಸೂಲು ಮಾಡುತ್ತವೆ. ಕರ್ನಾಟಕದಲ್ಲಿ ವಸೂಲು ಮಾಡುವುದು ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ. ಜಿಎಸ್‌ಟಿ ಕೇಂದ್ರ, ರಾಜ್ಯಗಳದು. ಪೇಟೆಯ ವಹಿವಾಟಿನಿಂದ ನೇರವಾಗಿ ಊರಿಗೆ ಬರುತ್ತಿದ್ದದ್ದು ಜಕಾತಿ. ನಾಕಾದಲ್ಲಿ ಲಾರಿ ನಿಲ್ಲಿಸಿ, ಮೂಟೆ ಎಣಿಸಿ ವಸೂಲು ಮಾಡುತ್ತಿದ್ದ ಆ ಸುಂಕ 1979ರಲ್ಲಿ ನಮ್ಮ ರಾಜ್ಯದಲ್ಲಿ ರದ್ದಾಯಿತು. ಅದು ಹೋಗಲಿ ಎಂದು ಜಗ್ಗಾಡಿದವರಲ್ಲಿ ವರ್ತಕರೇ ಮುಂದೆ ಇದ್ದರು, ಸಕಾರಣವಾಗಿಯೇ. ಆದರೆ ಅದರ ಜೊತೆಗೆ ಊರಿನ ಪೇಟೆಗೂ ಊರಿನ ಬೊಕ್ಕಸಕ್ಕೂ ಇದ್ದ ನೇರ ಕೊಂಡಿ ಕಳಚಿತು. ಪೇಟೆ ಬೆಳೆದರೆ ನಗರಸಭೆಗೆ ಈಗ ಹೆಚ್ಚುವುದು ಮುಖ್ಯವಾಗಿ ಆಸ್ತಿ ತೆರಿಗೆ, ಪರವಾನಗಿ ಶುಲ್ಕ ಮತ್ತು ತನ್ನ ಮಳಿಗೆಗಳ ಬಾಡಿಗೆ. ಪೇಟೆ ಬೆಳೆದರೆ ನಮಗೇನು ಎಂಬ ಪೌರಾಡಳಿತದ ಉದಾಸೀನಕ್ಕೆ ಒಂದು ಕಾರಣ ಇಲ್ಲಿದೆ ಎಂದು ನನ್ನ ಅನಿಸಿಕೆ.

ತಪ್ಪು ಕಲ್ಪನೆ: ನಮ್ಮ ಮನೆ ಕಂದಾಯ ವರ್ಷ ವರ್ಷ ಚೇಂಬರ್‌ಗೆ ಅನುದಾನವಾಗಿ ಹರಿದುಹೋಗುತ್ತದೆ.

ವಾಸ್ತವ: ಹರಿದುಹೋಗಲು ಅಲ್ಲಿ ಏನಿದೆ? ಸಣ್ಣ ಊರಿನ ಬಜೆಟ್‌ನಲ್ಲಿ ಸಂಬಳ, ಬೀದಿದೀಪದ ಕರೆಂಟ್ ಬಿಲ್, ನೀರು, ಕಸ ಮುಗಿಯುವಷ್ಟರಲ್ಲಿ ಹಣವೂ ಮುಗಿದಿರುತ್ತದೆ. ಮೇಲಿನಿಂದ ಬರುವ ಅನುದಾನಕ್ಕೂ ಕಟ್ಟುಪಾಡಿದೆ. 15ನೇ ಹಣಕಾಸು ಆಯೋಗ 2021-26ರ ಅವಧಿಗೆ ಇಂಥ ಊರುಗಳಿಗೆ ಕೊಟ್ಟ ಹಣದಲ್ಲಿ ಶೇ 60 ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೇ ಮೀಸಲಾಗಿತ್ತು.

ನೆರವು ಇರುವುದು ಬೇರೆ ರೂಪದಲ್ಲಿ. ಕೈಗಾರಿಕಾ ಪ್ರದರ್ಶನಕ್ಕೆ ಮೈದಾನ, ಬಜೆಟ್ ಪೂರ್ವಭಾವಿ ಸಭೆಗೆ ಆಹ್ವಾನ, ಪಾರ್ಕಿಂಗ್ ಅಥವಾ ಏಕಮುಖ ಸಂಚಾರ ತರುವ ಮುನ್ನ ಒಂದು ಮಾತು, ಪರವಾನಗಿ ನವೀಕರಣಕ್ಕೆ ಸಂಸ್ಥೆಯ ಸಭಾಂಗಣದಲ್ಲೇ ಒಂದು ದಿನದ ಶಿಬಿರ. ಇವಕ್ಕೆ ಖರ್ಚು ಕಡಿಮೆ, ಉಪಯೋಗ ಹೆಚ್ಚು. 74ನೇ ತಿದ್ದುಪಡಿಯ ಮೂಲಕ ಸಂವಿಧಾನಕ್ಕೆ ಸೇರಿದ ಹನ್ನೆರಡನೇ ಅನುಸೂಚಿಯಲ್ಲಿ ನಗರಾಡಳಿತಕ್ಕೆ 18 ವಿಷಯಗಳಿವೆ. ಆರ್ಥಿಕ ಮತ್ತು ಸಾಮಾಜಿಕ ಅಭಿವೃದ್ಧಿಯ ಯೋಜನೆ ಅವುಗಳಲ್ಲಿ ಮೂರನೆಯದು. ಪೇಟೆಯವರನ್ನು ಕೇಳದೆ ಊರಿನ ಆರ್ಥಿಕ ಯೋಜನೆ ಮಾಡುವುದು ಹೇಗೆ?

ತಪ್ಪು ಕಲ್ಪನೆ: ಹಾಗಾದರೆ ನಗರಸಭೆ ಇಂಥ ಸಂಘಕ್ಕೆ ಒಂದು ಪೈಸೆ ಕೊಟ್ಟರೂ ಅದು ಭ್ರಷ್ಟಾಚಾರವೇ, ಯಾಕೆಂದರೆ ಅದು ವ್ಯಾಪಾರಿಗಳ ಸ್ವಾರ್ಥದ ಕೂಟ.

ವಾಸ್ತವ: ಇದು ಮೇಲಿನದಕ್ಕಿಂತ ಗಟ್ಟಿಯಾದ ಆಕ್ಷೇಪ, ನಿಧಾನವಾಗಿ ಉತ್ತರಿಸಬೇಕಾದದ್ದು. ಮೊದಲು ಸ್ವಾರ್ಥದ ಮಾತು. ಆಂಧ್ರ ಚೇಂಬರ್ ಆಫ್ ಕಾಮರ್ಸ್‌ನ ಆದಾಯ ತೆರಿಗೆ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1965ರಲ್ಲೇ ಹೇಳಿತು: ವ್ಯಾಪಾರ, ವಾಣಿಜ್ಯಗಳನ್ನು ಬೆಳೆಸುವುದು ಸಾರ್ವಜನಿಕ ಉಪಯೋಗದ ಉದ್ದೇಶ, ಅದರಿಂದ ಮೊದಲ ಲಾಭ ವ್ಯಾಪಾರಿಗೆ ಆಗಬಹುದು, ಹಾಗೆಂದು ಉದ್ದೇಶ ಖಾಸಗಿಯಾಗುವುದಿಲ್ಲ. ಆಮೇಲೆ ಕಾನೂನು ಬಿಗಿಯಾಗಿದೆ. ತೆರಿಗೆ ವಿನಾಯಿತಿ ಉಳಿಯಬೇಕಾದರೆ, ಶುಲ್ಕ ಪಡೆದು ವ್ಯಾಪಾರದ ರೀತಿಯ ಸೇವೆ ಕೊಟ್ಟಾಗ ಅದರ ಆದಾಯ ಒಟ್ಟು ಆದಾಯದ ಶೇ 20 ಮೀರಬಾರದು. ಅಂದರೆ ಧರ್ಮಾರ್ಥ ಎಂಬ ಫಲಕ ಹಾಕಿಕೊಂಡು ಅಂಗಡಿ ನಡೆಸುವಂತಿಲ್ಲ. ಎರಡು ಮಾತೂ ನ್ಯಾಯವಾದವು.

ಇನ್ನು ಹಣ. ದಾನ ಬೇರೆ, ಕೆಲಸಕ್ಕೆ ಕೊಡುವ ಕೂಲಿ ಬೇರೆ. ಈ ವ್ಯತ್ಯಾಸವನ್ನು ಕಾಗದದ ಮೇಲೆ ಚೊಕ್ಕಟವಾಗಿ ಬರೆದವರು ಅಮೆರಿಕದವರು. ಅಲ್ಲಿನ ಅನೇಕ ರಾಜ್ಯಗಳ ಸಂವಿಧಾನದಲ್ಲೇ ಸಾರ್ವಜನಿಕ ಹಣವನ್ನು ಖಾಸಗಿಯವರಿಗೆ ಸುಮ್ಮನೆ ಕೊಡಬಾರದು ಎಂಬ ನಿಷೇಧವಿದೆ. ಹಾಗಿದ್ದೂ ಸಣ್ಣ ಊರಿನ ಪುರಾಡಳಿತಗಳು ಚೇಂಬರ್‌ಗೆ ಹಣ ಕೊಡುತ್ತವೆ. ಟೆಕ್ಸಸ್ ರಾಜ್ಯವನ್ನೇ ನೋಡಿ: ಹೋಟೆಲ್ ಕೋಣೆಗಳ ಮೇಲಿನ ತೆರಿಗೆಯ ಒಂದಂಶವನ್ನು ಪ್ರವಾಸಿಗರನ್ನು ಸೆಳೆಯುವ ಕೆಲಸಕ್ಕೆ ಒಪ್ಪಂದ ಮಾಡಿಕೊಂಡು ಕೊಡಬಹುದು. ಆದರೆ ವರ್ಷದ ಖರ್ಚಿನ ಅಂದಾಜನ್ನು ಊರಿನ ಕೌನ್ಸಿಲ್ ಮೊದಲೇ ಒಪ್ಪಬೇಕು, ಆ ಹಣ ಪ್ರತ್ಯೇಕ ಖಾತೆಯಲ್ಲಿರಬೇಕು, ಮೂರು ತಿಂಗಳಿಗೊಮ್ಮೆಯಾದರೂ ಲೆಕ್ಕ ಒಪ್ಪಿಸಬೇಕು. ಅಧ್ಯಕ್ಷರ ಸಂಬಂಧ ಚೆನ್ನಾಗಿದೆ ಎಂದು ಕೊಡುವುದಲ್ಲ.

ಇನ್ನೊಂದು ದಾರಿ ಕೆನಡಾದ ಟೊರಾಂಟೊದಲ್ಲಿ 1970ರಲ್ಲಿ ಶುರುವಾಯಿತು. ಬ್ಲೂರ್ ವೆಸ್ಟ್ ವಿಲೇಜ್ ಎಂಬ ಪೇಟೆಯ ಅಂಗಡಿಯವರು ತಮ್ಮ ಬೀದಿಯ ಬೆಳಕು, ಅಂದ, ಪ್ರಚಾರಕ್ಕೆ ತಾವೇ ಹೆಚ್ಚುವರಿ ತೆರಿಗೆ ಹಾಕಿಕೊಂಡರು. ಅದನ್ನು ವಸೂಲು ಮಾಡಿ ಅವರಿಗೇ ಹಿಂದಿರುಗಿಸಿದ್ದು ನಗರಾಡಳಿತ. ಇಂಗ್ಲೆಂಡ್ 2003ರ ಕಾನೂನಿನಲ್ಲಿ ಇದನ್ನು ಅಳವಡಿಸಿಕೊಂಡಿತು. ಅಲ್ಲಿ ವ್ಯಾಪಾರಿಗಳ ಮತದಾನ ನಡೆಯಬೇಕು. ತಲೆ ಲೆಕ್ಕದಲ್ಲೂ ಬಹುಮತ ಬೇಕು, ಆಸ್ತಿ ಮೌಲ್ಯದ ಲೆಕ್ಕದಲ್ಲೂ ಬಹುಮತ ಬೇಕು. ಹೆಚ್ಚೆಂದರೆ ಐದು ವರ್ಷ, ಮತ್ತೆ ಮತದಾನ. ಪೇಟೆಗೆ ಬೇಕಾದದ್ದಕ್ಕೆ ಪೇಟೆಯೇ ಕೊಡುತ್ತದೆ, ಮನೆ ಕಂದಾಯದ ತಂಟೆಯೇ ಇಲ್ಲ.

ನಮ್ಮಲ್ಲಿ ಇದಕ್ಕೆ ಸಮೀಪದ ಉದಾಹರಣೆ ಬೆಂಗಳೂರಿನ ಎಲೆಕ್ಟ್ರಾನಿಕ್ ಸಿಟಿ. 2013ರಲ್ಲಿ ಅದಕ್ಕೆ ಪ್ರತ್ಯೇಕ ಕೈಗಾರಿಕಾ ನಗರ ಪ್ರಾಧಿಕಾರ ಬಂತು, ಆಸ್ತಿ ತೆರಿಗೆ ಅಲ್ಲೇ ವಸೂಲಾಗಿ ಬಹುಪಾಲು ಅಲ್ಲೇ ಖರ್ಚಾಗುತ್ತದೆ, ಉದ್ಯಮಗಳ ಸಂಘದ ದನಿಗೆ ಅಲ್ಲಿ ಜಾಗವಿದೆ. ರಸ್ತೆ ಚೆನ್ನಾಗಿದೆ. ಆದರೆ ಬೇಲಿಯಾಚೆಯ ಹಳ್ಳಿಯವರ ದನಿಗೆ ಎಲ್ಲಿ ಜಾಗ ಎಂಬ ಪ್ರಶ್ನೆಯೂ ಹಾಗೇ ಇದೆ. ಬಳ್ಳಾರಿಯ ಪೇಟೆಗೋ ದಾವಣಗೆರೆಯ ಪೇಟೆಗೋ ಈ ಮಾದರಿಯನ್ನು ಹಾಗೇ ಹೊತ್ತುಕೊಂಡು ಹೋಗಲು ಬರುವುದಿಲ್ಲ. ಅಲ್ಲಿ ಅಂಗಡಿಯ ಮೇಲೇ ಮನೆ ಇರುತ್ತದೆ.

ಒಪ್ಪಂದದ ಮೇಲೆ ಕೆಲಸ ಕೊಡುವುದಾದರೆ ನಮ್ಮಲ್ಲೂ ಕಾನೂನಿದೆ. 1999ರ ಪಾರದರ್ಶಕತೆ ಕಾಯ್ದೆಯಂತೆ ಟೆಂಡರ್ ಕರೆಯಬೇಕು, ಕರೆಯದಿದ್ದರೆ ಕಾಯ್ದೆಯ ವಿನಾಯಿತಿಯೊಳಗೆ ಬರಬೇಕು. ಠರಾವು, ಒಪ್ಪಂದ, ಲೆಕ್ಕ ಮೂರೂ ಇದ್ದರೆ ಅದು ನೆರವು. ಮೂರರಲ್ಲಿ ಒಂದು ಇಲ್ಲದಿದ್ದರೂ ಅನುಮಾನ ಪಡುವವರ ತಪ್ಪಲ್ಲ.

ತಪ್ಪು ಕಲ್ಪನೆ: ಚೇಂಬರ್ ಹೇಳಿದ್ದೇ ದರ, ಚೇಂಬರ್ ಕರೆದದ್ದೇ ಬಂದ್, ನಗರಸಭೆ ಜೊತೆಗಿದ್ದರಂತೂ ಕೇಳುವವರಿಲ್ಲ.

ವಾಸ್ತವ: ಸಂಘದೊಳಗೆ ಕೂತು ದರ ನಿಗದಿ ಮಾಡುವುದು, ಮಾರುಕಟ್ಟೆ ಹಂಚಿಕೊಳ್ಳುವುದು 2002ರ ಸ್ಪರ್ಧಾ ಕಾಯ್ದೆಯಡಿ ನಿಷಿದ್ಧ. ಹೆಸರಿನಲ್ಲೇ ವಾಣಿಜ್ಯ ಇರುವ ಸಂಸ್ಥೆಗೂ ಅದು ತಟ್ಟಿದೆ: ಡಬ್ಬಿಂಗ್ ಚಿತ್ರಗಳನ್ನು ತಡೆದ ವಿಚಾರದಲ್ಲಿ ಕರ್ನಾಟಕ ಚಲನಚಿತ್ರ ವಾಣಿಜ್ಯ ಮಂಡಳಿಗೆ ಸ್ಪರ್ಧಾ ಆಯೋಗ 2015ರಲ್ಲಿ ದಂಡ ಹಾಕಿತು. ಬಲವಂತದ ಬಂದ್ ಅಸಾಂವಿಧಾನಿಕ ಎಂದು ಕೇರಳ ಹೈಕೋರ್ಟ್ 1997ರಲ್ಲಿ ಹೇಳಿದ್ದನ್ನು ಸುಪ್ರೀಂ ಕೋರ್ಟ್ ಎತ್ತಿಹಿಡಿದಿದೆ. ಬಾಗಿಲು ಹಾಕಿ ಎಂದು ಸಂಘ ವಿನಂತಿಸಬಹುದು. ಹಾಕುವುದು ಬಿಡುವುದು ಅಂಗಡಿಯವರದು.

ತಪ್ಪು ಕಲ್ಪನೆ: ಚೇಂಬರ್‌ಗೆ ನಗರಸಭೆ ಕಿವಿಗೊಟ್ಟರೆ ಮೊದಲು ಎತ್ತಂಗಡಿಯಾಗುವುದು ಬೀದಿಬದಿಯ ತಳ್ಳುಗಾಡಿ.

ವಾಸ್ತವ: ಇದರಲ್ಲಿ ಅರ್ಧ ನಿಜವಿದೆ, ಮುಚ್ಚಿಡುವುದು ಬೇಡ. ಅಂಗಡಿ ಮುಂದಿನ ಫುಟ್‌ಪಾತ್ ತೆರವು ಮಾಡಿಸಿ ಎಂಬ ಮನವಿ ಪತ್ರಗಳು ವರ್ತಕರ ಸಂಘಗಳಿಂದ ಹೋಗುವುದುಂಟು. ಆದರೆ 2014ರ ಬೀದಿಬದಿ ವ್ಯಾಪಾರಿಗಳ ಕಾಯ್ದೆ ಬಂದ ಮೇಲೆ ಮನವಿ ಪತ್ರದ ಬಲ ಕುಗ್ಗಿದೆ. ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಶೇ 40ಕ್ಕೆ ಕಡಿಮೆಯಿಲ್ಲದಂತೆ ಬೀದಿ ವ್ಯಾಪಾರಿಗಳೇ ಇರಬೇಕು, ಅವರಲ್ಲಿ ಮೂರನೇ ಒಂದು ಭಾಗ ಮಹಿಳೆಯರು. ಅದೇ ಸಮಿತಿಯಲ್ಲಿ ವರ್ತಕರ ಸಂಘಗಳಿಗೂ ಕಾನೂನೇ ಜಾಗ ಕೊಟ್ಟಿದೆ. ಬೆಳ್ಳಿ ಅಂಗಡಿಯವರೂ ಬಾಳೆಹಣ್ಣಿನ ಗಾಡಿಯವರೂ ಒಂದೇ ಮೇಜಿನ ಸುತ್ತ ಕೂರಬೇಕೆಂದು ಶಾಸನವೇ ಹೇಳುತ್ತದೆ. ಸಮಿತಿ ಸಭೆ ಸೇರದ ಊರುಗಳಲ್ಲಿ ಮಾತ್ರ ಹಳೆಯ ಮನವಿ ಪತ್ರಕ್ಕೆ ಹಳೆಯ ಬೆಲೆ.

ತಪ್ಪು ಕಲ್ಪನೆ: ಚೇಂಬರ್‌ಗೆ ಜಾಗ ಮಂಜೂರಾದ ಮೇಲೆ ಅದು ಅವರ ಸ್ವಂತದ್ದು, ಒಳಗೆ ಏನು ಮಾಡುತ್ತಾರೆಂದು ಕೇಳುವ ಹಕ್ಕು ಊರಿನವರಿಗಿಲ್ಲ.

ವಾಸ್ತವ: ನೆರವುಗಳಲ್ಲಿ ದೊಡ್ಡದು ಜಾಗ. ಆದ್ದರಿಂದ ಗಟ್ಟಿಯಾಗಿ ಕೇಳಬೇಕಾದದ್ದೂ ಇದರ ಬಗ್ಗೆಯೇ. ಸಾರ್ವಜನಿಕ ಜಾಗ ಸಂಘ ಸಂಸ್ಥೆಗಳಿಗೆ ಹೋಗುವುದು ಸಾಮಾನ್ಯವಾಗಿ ಷರತ್ತಿನ ಮೇಲೆ. ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರದ ನಾಗರಿಕ ಸೌಲಭ್ಯ ನಿವೇಶನಗಳ 1989ರ ನಿಯಮಗಳನ್ನು ನೋಡಿ: ಅದು ಮಾರಾಟವಲ್ಲ, 30 ವರ್ಷದ ಗುತ್ತಿಗೆ, ಯಾವ ಉದ್ದೇಶಕ್ಕೆ ಕೊಟ್ಟರೋ ಅದಕ್ಕೇ ಬಳಸಬೇಕು. ತರಬೇತಿ ಕೇಂದ್ರ ಎಂದು ಪಡೆದು ಮದುವೆ ಮಂಟಪ ನಡೆಸಿದರೆ ಅದು ಉದ್ದೇಶ ಭಂಗ, ಯಾವ ಸಂಘ ಮಾಡಿದರೂ.

ಕೇಳುವ ಹಕ್ಕಿನ ವಿಚಾರವನ್ನು ಸುಪ್ರೀಂ ಕೋರ್ಟ್ ಎರಡು ತೀರ್ಪುಗಳಲ್ಲಿ ತೂಗಿದೆ. ಸರ್ಕಾರ ಮೇಲ್ವಿಚಾರಣೆ ಮಾಡುತ್ತದೆ, ನೋಂದಾಯಿಸುತ್ತದೆ ಎಂಬಷ್ಟರಿಂದಲೇ ಒಂದು ಸಂಸ್ಥೆ ಮಾಹಿತಿ ಹಕ್ಕಿನ ವ್ಯಾಪ್ತಿಗೆ ಬರುವುದಿಲ್ಲ ಎಂದು 2013ರ ತಲಪ್ಪಾಲಂ ಸಹಕಾರಿ ಬ್ಯಾಂಕ್ ಪ್ರಕರಣದಲ್ಲಿ ಹೇಳಿತು. ಸರ್ಕಾರದ ಗಟ್ಟಿ ಹಿಡಿತವೋ ಗಣನೀಯ ಸರ್ಕಾರಿ ಹಣವೋ ಇರಬೇಕು. ಗಣನೀಯ ಎಂದರೆ ಏನು? ನಗರದಲ್ಲಿ ಉಚಿತವಾಗಿ ಅಥವಾ ಭಾರಿ ರಿಯಾಯಿತಿಯಲ್ಲಿ ಕೊಟ್ಟ ಜಾಗವೂ ಗಣನೀಯ ನೆರವಾಗಬಲ್ಲದು ಎಂದು 2019ರ ಡಿಎವಿ ಕಾಲೇಜು ಪ್ರಕರಣದಲ್ಲಿ ಹೇಳಿತು. ಆದ್ದರಿಂದ ಚೇಂಬರ್ ಪದಾಧಿಕಾರಿಗಳಿಗೆ ಒಂದು ಮಾತು: ಯಾರಾದರೂ ಕೇಳುವ ಮೊದಲೇ ನಿವೇಶನದ ಷರತ್ತು, ಸಭಾಂಗಣದ ಬಾಡಿಗೆ, ವರ್ಷದ ಲೆಕ್ಕ ಇವನ್ನು ಸೂಚನಾ ಫಲಕಕ್ಕೆ ಹಚ್ಚಿ.

ಅವರು ಹಚ್ಚದಿದ್ದರೂ ಓದುಗರಿಗೆ ದಾರಿ ಇದೆ. ಜಾಗ ಕೊಟ್ಟ ಠರಾವು, ಗುತ್ತಿಗೆ ಪತ್ರ, ಒಪ್ಪಂದ ಇವೆಲ್ಲದರ ಕಡತ ನಗರಸಭೆಯಲ್ಲೇ ಇರುತ್ತದೆ, ನಗರಸಭೆಯಂತೂ ಮಾಹಿತಿ ಹಕ್ಕಿನ ವ್ಯಾಪ್ತಿಯಲ್ಲಿದೆ. ಅರ್ಜಿ ಶುಲ್ಕ 10 ರೂಪಾಯಿ, ಉತ್ತರಕ್ಕೆ ಗಡುವು 30 ದಿನ.